ಕೇಡಿಗನ ಮನೆಗೆ ಕನ್ನ

ಪಾತಕಿಯ ಮನೆಯಲ್ಲಿ ಕದಿಯುವುದೂ ಪಾತಕವೇ ಎಂಬ ಪ್ರಶ್ನೆಯನ್ನು ಆರ್ಥರ್ ಕಾನನ್ ಡಾಯ್ಲನು 1904ರಲ್ಲಿ ಒಂದು ಕಥೆಯಾಗಿ ನಮ್ಮ ಮುಂದಿಟ್ಟನು. ಮಿಲ್ವರ್ಟನ್ ಎಂಬವನು ದೊಡ್ಡ ಮನೆತನದವರ ಗುಟ್ಟಿನ ಕಾಗದಗಳನ್ನು ಅವರ ಸೇವಕರಿಂದ ಕೊಂಡು, ಬಯಲು ಮಾಡುವೆನೆಂದು ಹೆದರಿಸಿ ಹಣ ಕೀಳುವವನು. ಮದುವೆ ನಿಶ್ಚಯವಾದ ಕನ್ಯೆಯೊಬ್ಬಳ ಹಳೆಯ ಪತ್ರಗಳಿಗೆ ಅವನು ಕೇಳಿದ ಬೆಲೆ 7,000 ಪೌಂಡು. ಅವಳು ನ್ಯಾಯಸ್ಥಾನದ ಮೆಟ್ಟಿಲೇರಿದರೆ ಗುಟ್ಟು ತಾನಾಗಿಯೇ ರಟ್ಟಾಗುವುದು. ಆದುದರಿಂದ ಷರ್ಲಾಕ್ ಹೋಮ್ಸನು ಗೆಳೆಯ ವಾಟ್ಸನ್ನನೊಡನೆ ಇರುಳಿನಲ್ಲಿ ಆ ಮನೆಯನ್ನು ಹೊಗುತ್ತಾನೆ.

ಈ ಕಳವನ್ನು ನಾವು ಮನ್ನಿಸುವುದೇಕೆ? ಮನೆಯೊಡೆಯನು ದುಷ್ಟನೆಂಬುದೊಂದೇ ಕಾರಣವಲ್ಲ. ಹಾಗಿದ್ದರೆ ಅವನ ಬೆಳ್ಳಿಯ ತಟ್ಟೆಗಳನ್ನೂ ಹೊತ್ತು ತರಬಹುದಾಗಿತ್ತು. ಅಧರ್ಮಕ್ಕೆ ಬಳಕೆಯಾಗುವ ವಸ್ತುಗಳನ್ನಲ್ಲದೆ ಬೇರೇನನ್ನೂ ಮುಟ್ಟಬಾರದೆಂಬ ನಿಬಂಧನೆಯ ಮೇಲೆ ವಾಟ್ಸನ್ನನು ಒಪ್ಪುತ್ತಾನೆ. ಸಿಕ್ಕಿಬಿದ್ದರೆ ಸೆರೆಮನೆ, ಗೆದ್ದರೆ ಕಾಸಿನ ಲಾಭವಿಲ್ಲ. ಹೋಮ್ಸನು ಕೊನೆಗೆ ತಿಜೋರಿಯ ಪತ್ರಗಳನ್ನೆಲ್ಲ ಬೆಂಕಿಗೆ ಹಾಕುತ್ತಾನೆ.

ಆದರೆ ಅದೇ ರಾತ್ರಿ, ಮಿಲ್ವರ್ಟನ್ನನಿಂದ ಬಾಳು ಕೆಟ್ಟ ಇನ್ನೊಬ್ಬ ಸ್ತ್ರೀ ಅವನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಅದನ್ನು ಕಣ್ಣಾರೆ ಕಂಡ ಹೋಮ್ಸನು ಪೋಲೀಸರಿಗೆ ನೆರವಾಗಲೊಪ್ಪುವುದಿಲ್ಲ. ಕಳವಿಗೆ ಒಪ್ಪಿದ ನಮ್ಮ ಮನಸ್ಸು, ನಾಲ್ಕು ಪುಟ ಕಳೆಯುವುದರೊಳಗೆ, ಕೊಲೆಗೂ ಮೌನಸಮ್ಮತಿಯನ್ನು ಕೊಟ್ಟುಬಿಟ್ಟಿರುತ್ತದೆ! ಎಚ್ಚರವಿರಬೇಕಾದುದು ಇಲ್ಲಿಯೇ. ಕಥೆಯಲ್ಲಿ ಅಪರಾಧಿ ಯಾರೆಂಬುದನ್ನು ಕಥೆಗಾರನೇ ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟಿರುತ್ತಾನೆ. ಲೋಕದಲ್ಲಿ ಅಂಥ ನಿಶ್ಚಯವು ನಮಗೆ ಸುಲಭವಾಗಿ ದೊರೆಯುವಂಥದಲ್ಲ. ನ್ಯಾಯಸ್ಥಾನಗಳನ್ನು ಕಟ್ಟಿಕೊಂಡಿರುವುದು ಆ ನಿಶ್ಚಯಕ್ಕಾಗಿಯೇ. ಕಥೆಯಲ್ಲಿ ಮನ್ನಿಸಿದ ಕನ್ನವನ್ನು ಊರಿನಲ್ಲಿ ಮನ್ನಿಸಲಾಗದು.