ಹೆಸರು ಅಳಿಸಿದರೆ ಸಾಕೆ?

ಮಕ್ಕಳೇ, ನೀವು ಗೆಳೆಯರೊಂದಿಗೆ ಸೇರಿ ವಿಜ್ಞಾನ ಯೋಜನೆ ಮಾಡಿದ್ದೀರಾ? 1993ರಲ್ಲಿ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಆರಂಭವಾಯಿತು. ಅಂದಿನಿಂದ ಹಳ್ಳಿ ಶಾಲೆಗಳ ಮಕ್ಕಳೂ ಮನೆಮನೆಗೆ ಹೋಗಿ ನೀರು, ಬೆಳೆ, ಕಸ, ಆಹಾರಗಳ ಬಗ್ಗೆ ಮಾಹಿತಿ ಕಲೆಹಾಕಿ ವರದಿ ಬರೆದಿದ್ದಾರೆ. ಮೊದಲು ಆ ಮಾಹಿತಿ ಇರುತ್ತಿದ್ದುದು ಒಂದು ನೋಟ್ ಪುಸ್ತಕದಲ್ಲಿ. ಈಗ ಅದು ಮನೆಯವರ ಮೊಬೈಲಿಗೂ ಹೋಗುತ್ತದೆ. ಇದರಿಂದ ಏನಾಗಬಹುದು? ಒಂದು ಉದಾಹರಣೆ ನೋಡೋಣ.

ಏಳನೇ ತರಗತಿಯ ಐವರು 'ನಮ್ಮೂರ ಕುಡಿಯುವ ನೀರು' ಎಂಬ ಯೋಜನೆ ಕೈಗೊಂಡಿದ್ದಾರೆ ಎಂದಿಟ್ಟುಕೊಳ್ಳಿ. ಊರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರ್ ನೀರಿನಲ್ಲಿ ಇದು 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಎಳೆಯ ವಯಸ್ಸಿನಿಂದ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಬಹುಕಾಲ ಅತಿಯಾಗಿ ದೇಹ ಸೇರಿದರೆ ಮೂಳೆ, ಕೀಲುಗಳಿಗೂ ತೊಂದರೆ. ಹಾಗಾಗಿ ಮಕ್ಕಳು ಮನೆಮನೆಗೆ ಹೋಗಿ ಕೇಳಿದರು: ಯಾವ ನೀರು ಕುಡಿಯುತ್ತೀರಿ? ಯಾರಿಗಾದರೂ ಹಲ್ಲಿನ ಕಲೆ, ಮಂಡಿ ನೋವು ಇದೆಯೇ? ಹೆಸರು, ವಯಸ್ಸು, ಕೇರಿ ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡರು.

ಆ ದಿನ ಒಬ್ಬಳು ಬಂದಿರಲಿಲ್ಲ. ನಕ್ಷೆ ಬರೆಯುವ ಕೆಲಸ ಅವಳದು. ಅವಳಿಗೆ ತಲುಪಲೆಂದು ಇನ್ನೊಬ್ಬ ಅಪ್ಪನ ಫೋನಿನಲ್ಲಿ ಹಾಳೆಯ ಫೋಟೋ ತೆಗೆದು ತಂಡದ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಗುಂಪಿನಲ್ಲಿ ಐದು ಮನೆಗಳ ಹಿರಿಯರಿದ್ದರು. ಯಾರೋ ಒಬ್ಬರು, 'ನಮ್ಮ ಮಕ್ಕಳ ಕೆಲಸ ನೋಡಿ' ಎಂದು ಹೆಮ್ಮೆಯಿಂದಲೇ ಅದನ್ನು ಊರಿನ ಗುಂಪಿಗೆ ಕಳುಹಿಸಿದರು. ಮಗಳ ಮದುವೆ ಮಾತುಕತೆ ನಡೆಯುತ್ತಿದ್ದ ಮನೆಯೊಂದರ ವಿವರವೂ ಆ ಹಾಳೆಯಲ್ಲಿತ್ತು: '22 ವರ್ಷ, ಮಂಡಿ ನೋವು, ಹಲ್ಲಿನ ಕಲೆ.' ಮರುದಿನ ಮಕ್ಕಳು ಉಳಿದ ಮನೆಗಳಿಗೆ ಹೋದಾಗ ಒಬ್ಬ ಅಜ್ಜಿ ಬಾಗಿಲಲ್ಲೇ ತಡೆದರು: "ಹೋಗ್ರಪ್ಪಾ, ನಿಮಗೆ ಹೇಳಿದ್ರೆ ಊರಿಗೇ ಹೇಳ್ದಂಗೆ." ಪಕ್ಕದ ಮನೆಯವರು, ನಮ್ಮಲ್ಲಿ ಯಾರಿಗೂ ಏನೂ ಇಲ್ಲ ಎಂದುಬಿಟ್ಟರು.

ಇಲ್ಲಿ ಎರಡು ನಷ್ಟಗಳಾದವು. ಒಂದು ಮನೆಗೆ ನೋವಾಯಿತು. ಜೊತೆಗೆ ವಿಜ್ಞಾನವೂ ಕೆಟ್ಟಿತು. ಜನ ಹೆದರಿ ಸುಳ್ಳು ಉತ್ತರ ಕೊಟ್ಟರೆ ಊರಿನಲ್ಲಿ ಫ್ಲೋರೈಡ್ ತೊಂದರೆ ಇಲ್ಲವೆಂದೇ ನಿಮ್ಮ ನಕ್ಷೆ ತೋರಿಸುತ್ತದೆ!

ಹಾಗಾದರೆ ಹೆಸರಿನ ಮೇಲೆ ಗೀಟು ಎಳೆದು ಕಳುಹಿಸಿದ್ದರೆ ಸಾಕಾಗುತ್ತಿತ್ತೆ? ದೊಡ್ಡವರೂ ಹಾಗೆಯೇ ಅಂದುಕೊಂಡು ಮೋಸಹೋಗಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1990ರ ದಶಕದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಡಲಾಯಿತು. ಆದರೆ ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದು ಮತ್ತು ಅಂಚೆ ಸಂಖ್ಯೆ ಹಾಗೇ ಉಳಿದಿದ್ದವು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡಳು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅದೇ ನಗರದವರು. ಅವರ ಜನ್ಮದಿನಾಂಕದವರು ಆ ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಆ ಅಂಚೆ ಸಂಖ್ಯೆಯಲ್ಲಿ ಒಬ್ಬರೇ! ಗವರ್ನರರ ಆಸ್ಪತ್ರೆ ದಾಖಲೆ ಸಿಕ್ಕೇಬಿಟ್ಟಿತು. ಅಮೆರಿಕದ 87 ಶೇಕಡಾ ಜನರನ್ನು ಈ ಮೂರೇ ವಿವರಗಳಿಂದ ಗುರುತಿಸುವ ಸಾಧ್ಯತೆ ಇದೆ ಎಂದು ಆಕೆ 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು.

ಬಿಡಿಬಿಡಿಯಾಗಿ ನೋಡಿದರೆ ಆ ವಿವರಗಳಲ್ಲಿ ಗುಟ್ಟೇನೂ ಇಲ್ಲ. ಒಂದರ ಮೇಲೊಂದು ಸೇರಿದಾಗ ಜರಡಿ ಹಿಡಿದಂತೆ ಜನ ಉದುರಿ ಒಬ್ಬರೇ ಉಳಿಯುತ್ತಾರೆ. ಐನೂರು ಮನೆಯ ಊರಿನಲ್ಲಂತೂ '22 ವರ್ಷ, ಹೆಣ್ಣು, ಕೆರೆ ಬೀದಿ' ಎಂದರೆ ಹೆಸರು ಹೇಳಿದಂತೆಯೇ. (ಹಿಂದೆ ನಮ್ಮ ಶಾಲೆಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಜೂನ್ 1 ಎಂದು ಬರೆಯುತ್ತಿದ್ದರು. ಅವರನ್ನು ಈ ಜರಡಿಯಲ್ಲಿ ಸೋಸುವುದು ಕಷ್ಟ!)

ನಮ್ಮ ತಂಡ ಏನು ಮಾಡಬಹುದಿತ್ತು? ಮೊದಲಿಗೆ, ಹೆಸರಿನ ಬದಲು 'ಮನೆ 1, ಮನೆ 2' ಎಂದು ಬರೆಯುವುದು. ಯಾವ ಸಂಖ್ಯೆ ಯಾರ ಮನೆ ಎಂಬ ಪಟ್ಟಿ ಬೇರೊಂದು ಪುಸ್ತಕದಲ್ಲಿರಲಿ. ಅದು ಟೀಚರ್ ಬಳಿ ಬೀರುವಿನಲ್ಲಿರಲಿ, ಫೋನಿಗೆ ಬರುವುದೇ ಬೇಡ. 22 ವರ್ಷ ಎನ್ನುವ ಬದಲು '20ರಿಂದ 40' ಎಂದರೆ ಸಾಕು. ನಕ್ಷೆ ಬರೆಯುವವಳಿಗೆ ಬೇಕಾದ್ದು ಎಣಿಕೆ ಮಾತ್ರ: ಕೊಳವೆಬಾವಿ ನೀರು ಕುಡಿಯುವ ಇಷ್ಟು ಮಂದಿಯಲ್ಲಿ ಇಷ್ಟು ಮಂದಿಗೆ ಕಲೆ. ಅಷ್ಟನ್ನೇ ಕಳುಹಿಸಿದ್ದರೆ ಅದು ಊರೆಲ್ಲ ಸುತ್ತಿದರೂ ಚಿಂತೆಯಿರಲಿಲ್ಲ. ಗುಂಪಿಗೆ ಹಾಕಿದ್ದನ್ನು ಆಮೇಲೆ ಅಳಿಸಬಹುದಲ್ಲ ಎನ್ನುವಿರಾ? ಅಳಿಸುವ ಮೊದಲೇ ಯಾರಾದರೂ ಉಳಿಸಿಕೊಂಡಿದ್ದರೆ ಅದು ನಿಮ್ಮ ಕೈಯಲ್ಲಿಲ್ಲ.

ಫೋಟೋದಲ್ಲಿ ಕಣ್ಣಿಗೆ ಕಾಣದ ಮಾಹಿತಿಯೂ ಇರಬಹುದು. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ ಚಿತ್ರದೊಳಗೆ ಆ ಜಾಗದ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ದಶಮಾಂಶ ಬಿಂದುವಿನ ನಂತರ ಎರಡು ಅಂಕಿ ಬರೆದರೆ ಸುಮಾರು 1.1 ಕಿಲೋಮೀಟರ್, ಅಂದರೆ ಯಾವ ಊರು ಎಂದು ತಿಳಿಯುತ್ತದೆ. ನಾಲ್ಕು ಅಂಕಿ ಬರೆದರೆ 11 ಮೀಟರ್, ಅಂದರೆ ಯಾರ ಮನೆ ಎಂದು! ನಿಮ್ಮ ವರದಿಯ ಭೂಪಟಕ್ಕೆ ಎರಡು ಅಂಕಿ ಸಾಕು. ಕ್ಯಾಮೆರಾದ ಲೊಕೇಶನ್ ಆಯ್ಕೆಯನ್ನು ಮನೆಯವರ ನೆರವಿನಿಂದ ಮುಚ್ಚಿಡಿ.

ಇನ್ನು ತಂಡದೊಳಗಿನ ಮಾತುಕತೆ. ವಾಟ್ಸಾಪ್ ಬಳಸಲು ಕನಿಷ್ಠ 13 ವರ್ಷ ಆಗಿರಬೇಕು. ಆದ್ದರಿಂದ ಗುಂಪು ಅಪ್ಪ ಅಮ್ಮನ ಫೋನಿನಲ್ಲೇ ಇರಲಿ, ಟೀಚರ್ ಅದರಲ್ಲಿರಲಿ. ಗುಂಪಿನ ಎಲ್ಲರಿಗೂ ಸಾಮಾನ್ಯವಾಗಿ ಎಲ್ಲರ ಫೋನ್ ನಂಬರ್ ಕಾಣುತ್ತದೆ, ಹಾಗಾಗಿ ಹೊಸಬರನ್ನು ಸೇರಿಸುವ ಮೊದಲು ಎಲ್ಲರನ್ನೂ ಕೇಳಬೇಕು. ನಾಳೆ ಎಷ್ಟು ಗಂಟೆಗೆ ಸೇರೋಣ, ಸ್ಕೇಲ್ ಯಾರು ತರುತ್ತಾರೆ ಎಂಬಂಥ ಮಾತಿಗೆ ಗುಂಪು ಒಳ್ಳೆಯದು. ಜಗಳಕ್ಕೆ ಬೇಡ. ಯಾರಾದರೂ ಕೆಲಸ ಮಾಡಿಲ್ಲವೆಂದರೆ ಎದುರಿಗೆ ಕೂತು ಮಾತಾಡಿದರೆ ಬೇಗ ಮುಗಿಯುತ್ತದೆ. ಬರೆದ ಬೈಗುಳ ಉಳಿದುಬಿಡುತ್ತದೆ. ಪಾಸ್‌ವರ್ಡ್, ಒಟಿಪಿಗಳನ್ನು ಆಪ್ತ ಗೆಳೆಯನಿಗೂ ಹೇಳಬಾರದು. ಗುರುತಿಲ್ಲದವರು ಮೆಸೇಜ್ ಕಳುಹಿಸಿದರೆ ಉತ್ತರ ಕೊಡದೆ ಮನೆಯಲ್ಲಿ ತೋರಿಸಿ. ಯಾರಾದರೂ ಹೆದರಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಂಡಿ ನೋವಿನ ಆ ಅಕ್ಕನಿಗೂ ನಿಮಗೂ ಈ ಹಕ್ಕು ಇದೆ.

ಮಾಡಿ ನೋಡಿ: ತರಗತಿಯಲ್ಲಿ ಎಲ್ಲರೂ ಎದ್ದು ನಿಲ್ಲಿ. ಒಬ್ಬರು ಮನಸ್ಸಿನಲ್ಲೇ ಒಬ್ಬ ಸಹಪಾಠಿಯನ್ನು ನೆನೆದುಕೊಂಡು ಆ ಸಹಪಾಠಿ ಹುಟ್ಟಿದ ತಿಂಗಳು ಹೇಳಲಿ. ಬೇರೆ ತಿಂಗಳಿನವರು ಕುಳಿತುಕೊಳ್ಳಿ. ನಂತರ ಅವರ ಬೀದಿ ಹೇಳಲಿ. ಆಮೇಲೆ ಅವರಿಗೆ ಎಷ್ಟು ಮಂದಿ ಅಕ್ಕ, ತಂಗಿ, ಅಣ್ಣ, ತಮ್ಮಂದಿರು ಎಂದು ಹೇಳಲಿ. ಎಷ್ಟನೇ ವಿವರಕ್ಕೆ ಒಬ್ಬರೇ ನಿಂತಿದ್ದರು? ಐದು ಸಲ ಆಡಿ, ಆ ಸಂಖ್ಯೆಗಳನ್ನು ಕಪ್ಪು ಹಲಗೆಯ ಮೇಲೆ ಬರೆಯಿರಿ. ಹೆಸರು ಬರೆಯುವುದು ಬೇಡ.