ಹಗಲಿನಲ್ಲಿ ಬೆಳ್ಳಿ

ಹಗಲಿನಲ್ಲೇ ನಕ್ಷತ್ರ ಕಂಡಿತೆಂದರೆ ಬಲವಾದ ಪೆಟ್ಟು ಬಿದ್ದಿತೆಂದು ಅರ್ಥ. ಪೆಟ್ಟು ತಿನ್ನದೆಯೇ ಶುಕ್ರಗ್ರಹವನ್ನು, ಅಂದರೆ ನಮ್ಮ ಬೆಳ್ಳಿಯನ್ನು, ಹಾಡುಹಗಲಿನಲ್ಲಿ ಬರಿಗಣ್ಣಿನಿಂದ ಕಾಣಬಹುದೆಂದು ನಾನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಕ್ಕರು. ಆ ನಗುವಿಗೆ ಉತ್ತರ ದೊರೆತದ್ದು ಹುಣಸೂರಿನ ಹೊರಗೆ, ತಂಬಾಕು ಹದಮಾಡುವ ಬ್ಯಾರನ್ನೊಂದರ ನೆರಳಿನಲ್ಲಿ.

ಸೂರ್ಯೋದಯವಾದೊಡನೆ ಗ್ರಹಗಳು ಎಲ್ಲಿಗೂ ಹೋಗುವುದಿಲ್ಲ. ಗಾಳಿಯ ಅಣುಗಳು ಚದರಿಸಿದ ಬಿಸಿಲು ಆಕಾಶವನ್ನೆಲ್ಲ ತುಂಬಿ ಅವುಗಳನ್ನು ಮುಳುಗಿಸಿಬಿಡುತ್ತದೆ. ಶುಕ್ರನ ಮಾತು ಬೇರೆ. ಅದರ ಮೇಲೆ ಬೀಳುವ ಬಿಸಿಲು ಭೂಮಿಯ ಮೇಲೆ ಬೀಳುವುದಕ್ಕಿಂತ ಸುಮಾರು 1.9 ಪಟ್ಟು; ಅದರಲ್ಲಿ ಮುಕ್ಕಾಲು ಪಾಲನ್ನು ಅದರ ಮೋಡಗಳು ಮರಳಿಸುತ್ತವೆ. ಹಾಗಿದ್ದೂ ಅದು ನಮಗೆ ಕಾಣದಿರುವುದೇಕೆ? ಬರಿಯ ನೀಲಿಯಲ್ಲಿ ದೃಷ್ಟಿಗೆ ಆಸರೆಯೇ ಇಲ್ಲ. ಕಣ್ಣು ತಾನಾಗಿಯೇ ಹತ್ತಿರದ ದೂರಕ್ಕೆ, ಒಂದೆರಡು ಮೀಟರಿಗೆ, ಹೊಂದಿಕೊಂಡುಬಿಡುತ್ತದೆ. ಎದುರಿಗಿರುವ ಚುಕ್ಕಿ ಮಸುಕಾಗಿ ಕರಗಿಹೋಗುತ್ತದೆ.

ನಾವು ಬೆಳಗಿನ ಬೆಳ್ಳಿಯನ್ನು ನಸುಕಿನಲ್ಲೇ ಹಿಡಿದೆವು. ಬ್ಯಾರನ್ನಿನ ಪಶ್ಚಿಮಕ್ಕೆ ನಿಂತು, ಸೂರಿನ ಅಂಚಿಗೆ ಅದನ್ನು ತಾಗಿಸಿಕೊಂಡು, ಅದು ಮೇಲೇರಿದಂತೆಲ್ಲ ಗೋಡೆಯ ಹತ್ತಿರಕ್ಕೆ ಸರಿಯುತ್ತ ಬಂದೆವು. ಏಳೂವರೆಗೆ ಮೂವರಿಗೆ ತಪ್ಪಿತು. ದೂರದ ತೆಂಗಿನ ತುದಿಯನ್ನು ಚೆನ್ನಾಗಿ ದಿಟ್ಟಿಸಿ, ಬಳಿಕ ಅಂಚಿನ ಮೇಲೆ ನೋಡಿರೆಂದೆ. "ಸಾರ್, ಇಷ್ಟು ಸ್ಪಷ್ಟವಾಗಿದೆಯಲ್ಲ!" ಎಂದನು ಹಿಂದಿನ ದಿನ ಎಲ್ಲರಿಗಿಂತ ಹೆಚ್ಚು ನಕ್ಕಿದ್ದವನು. ನಸುಕಿನಲ್ಲಿ ಏಳಲಾರದವರಿಗೆ ಚಂದ್ರನೇ ಕೈಮರ. 2023ರ ನವೆಂಬರ್ 9ರ ಬೆಳಿಗ್ಗೆ ತೆಳುವಾದ ಚಂದ್ರನು ಶುಕ್ರನಿಂದ ಕೆಲವೇ ಡಿಗ್ರಿ ದೂರದಲ್ಲಿದ್ದನು. ಒಂಬತ್ತು ಗಂಟೆಯ ಸುಮಾರಿಗೆ ನಮ್ಮ ಸೀಮೆಯಲ್ಲಿ ಎರಡೂ ಹೆಚ್ಚುಕಡಿಮೆ ನೆತ್ತಿಯ ಬಳಿಯಲ್ಲಿದ್ದವು.

ದುರ್ಬೀನು ಹಿಡಿಯುವವರು ಒಂದು ಮಾತನ್ನು ಮರೆಯಬಾರದು. ಅದರೊಳಗೆ ಸೂರ್ಯಬಿಂಬ ಕ್ಷಣಮಾತ್ರ ಬಿದ್ದರೂ ಕಣ್ಣು ಹೋದೀತು. ಗೋಡೆ ಕಾಯುವುದೇ ಅದನ್ನು. ಆದರೆ ಬೆಳಿಗ್ಗೆ ನೆರಳು ಕುಗ್ಗುತ್ತ ಹೋಗುತ್ತದೆ. ಅದರ ಅಂಚು ಕಾಲಿಗೆ ಸಮೀಪಿಸಿದೊಡನೆ ದುರ್ಬೀನನ್ನು ಕೆಳಗಿಡಬೇಕು. ಸಂಜೆಯ ಬೆಳ್ಳಿಗೆ ಗೋಡೆಯ ಪೂರ್ವಕ್ಕೆ ನಿಲ್ಲಬೇಕು. ಅಲ್ಲಿ ನೆರಳು ಬೆಳೆಯುತ್ತ ಹೋಗುವುದರಿಂದ ಹೊಸಬರಿಗೆ ಮಧ್ಯಾಹ್ನದ ಮೇಲಿನ ಹೊತ್ತೇ ಲೇಸು.

ಛಾಯಾಚಿತ್ರಕ್ಕೆ ಸಣ್ಣ ದೂರದರ್ಶಕದ ಕಣ್ಣುಮಸೂರಕ್ಕೆ ಮೊಬೈಲನ್ನು ಹಿಡಿದರೂ ಸಾಕು. ರಾತ್ರಿ ಕಣ್ಣುಕುಕ್ಕುವ ಶುಕ್ರ ಹಗಲಿನಲ್ಲಿ ಸೌಮ್ಯವಾಗಿ, ಚಂದ್ರನಂತೆಯೇ ತನ್ನ ಕಲೆಗಳನ್ನು ತೋರುತ್ತದೆ. ಕೆಂಪು ಗಾಜನ್ನು ಅಡ್ಡವಿಟ್ಟರೆ ಆಕಾಶ ಕಪ್ಪೇರುತ್ತದೆ: ಅಣುಗಳು ಬೆಳಕನ್ನು ಚದರಿಸುವ ಪ್ರಮಾಣ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾದುದರಿಂದ, 650 ನ್ಯಾನೋಮೀಟರಿನ ಕೆಂಪು 450ರ ನೀಲಿಗಿಂತ ನಾಲ್ಕು ಪಟ್ಟಿಗೂ ಕಡಿಮೆ ಚದರುತ್ತದೆ. ಧೂಳು, ಮಂಜುಗಳ ದೊಡ್ಡ ಕಣಗಳಿಗೆ ಈ ನಿಯಮವಿಲ್ಲ; ಅವು ಎಲ್ಲ ಬಣ್ಣವನ್ನೂ ಚದರಿಸಿ ಆಕಾಶವನ್ನು ಬೆಳ್ಳಗಾಗಿಸುತ್ತವೆ. ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ಮಂಜಿನಲ್ಲಾಗಲಿ, ಕೃಷ್ಣರಾಜನಗರದ ಗದ್ದೆಬಯಲಿನ ಇಬ್ಬನಿಯ ಮುಸುಕಿನಲ್ಲಾಗಲಿ ಕೆಂಪು ಗಾಜು ಸೋಲುತ್ತದೆ. ಪಿರಿಯಾಪಟ್ಟಣದಲ್ಲಿ ಬ್ಯಾರನ್ನುಗಳು ಉರಿಯುವ ದಿನಗಳಲ್ಲಿ ಹೊಗೆಯದೂ ಅದೇ ಕಾಟ. ಮಳೆ ತೊಳೆದ ಮರುದಿನದ ಕಡುನೀಲಿಗಾಗಿ ಕಾಯುವುದು ಮೇಲು.

ಗುರುಗ್ರಹ ಇಷ್ಟು ಸುಲಭವಲ್ಲ. ಅಲ್ಲಿಗೆ ಮುಟ್ಟುವ ಬಿಸಿಲು ನಮ್ಮದರ 27ರಲ್ಲಿ ಒಂದು ಪಾಲು ಮಾತ್ರ. ನಾವು ತೆಗೆದ ಚಿತ್ರದಲ್ಲಿ ಅದು ಒದ್ದೆ ಗೋಡೆಯ ಮೇಲಿನ ಸುಣ್ಣದ ಬೊಟ್ಟಿನಂತೆ ಕಾಣುತ್ತದೆ. ಪಟ್ಟೆಗಳಿರಬೇಕಾದ ಕಡೆ ಏನೂ ಇಲ್ಲ.