ತಾಳ ಹಾಕೋರು ಯಾರು?

“ನಾಲ್ಕು ಜನ ಕೂತ್ಕೊಂಡು ಪಿಟೀಲು ನುಡಿಸ್ತೀರಿ, ಸರಿ. ತಾಳ ಹಾಕೋರು ಯಾರು?” ಎಂದು ಅಜ್ಜಿ ಫೋನಿನಲ್ಲಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಹತ್ತು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು ನಾನು. ನಮ್ಮ ಕಛೇರಿಯಲ್ಲಿ ಹಾಡುವವರ ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಅತ್ತ ಕಣ್ಣು ಹಾಯಿಸಿದರೆ ಸಾಕು, ಎಲ್ಲಿದ್ದೇವೆಂದು ಗೊತ್ತಾಗುತ್ತದೆ. ಪಕ್ಕವಾದ್ಯದ ಪಿಟೀಲಿಗೆ ಹಾಡುವವರ ಹಿಂದೆ ನೆರಳಿನಂತೆ ಹೋಗುವುದೇ ಕಸುಬು. ಎಂಜಿನಿಯರಿಂಗ್‌ಗೆಂದು ಬೆಂಗಳೂರಿಗೆ ಬಂದು, ಪಾಶ್ಚಾತ್ಯ ಸ್ವರಲಿಪಿ ಓದಲು ಎರಡು ವರ್ಷ ಒದ್ದಾಡಿ, ಗೆಳೆಯರ ಸ್ಟ್ರಿಂಗ್ ಕ್ವಾರ್ಟೆಟ್ ಸೇರಿದಾಗ ನನಗೆ ಸಿಕ್ಕಿದ್ದು ಎರಡನೇ ವಯೊಲಿನ್. ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೊ. ಕಡ್ಡಿ ಹಿಡಿದು ಎದುರು ನಿಲ್ಲುವ ಕಂಡಕ್ಟರ್ ಇಲ್ಲ (ಬಸ್ಸಿನವರಲ್ಲ!). ನಾಲ್ವರ ಎರಡೂ ಕೈ ವಾದ್ಯದ ಮೇಲೆ. ಎದುರಿನ ಹಾಳೆಯಲ್ಲೂ ಅವರವರ ಭಾಗ ಮಾತ್ರ ಇರುತ್ತದೆ. ಉಳಿದವರದ್ದನ್ನು ಕಿವಿಯೇ ಹುಡುಕಿಕೊಳ್ಳಬೇಕು.

ನಾವು ಆಯ್ದುಕೊಂಡದ್ದು ಹೈಡನ್ 1797ರ ಸುಮಾರಿಗೆ ಬರೆದ ‘ಎಂಪರರ್’ ಕ್ವಾರ್ಟೆಟ್‌ನ ಎರಡನೇ ಭಾಗ. ಅದರ ಧಾಟಿಯೇ ಇಂದು ಜರ್ಮನಿಯ ರಾಷ್ಟ್ರಗೀತೆಯದ್ದು. ಮೊದಲ ವಯೊಲಿನ್ ಅದನ್ನು ಒಮ್ಮೆ ನುಡಿಸಿದ ಮೇಲೆ ಮತ್ತೆ ನಾಲ್ಕು ಬಾರಿ, ಒಬ್ಬೊಬ್ಬರ ಪಾಲಿಗೆ ಬರುತ್ತದೆ. ಮೊದಲ ಪಾಳಿಯೇ ಎರಡನೇ ವಯೊಲಿನ್‌ನದು! ವಯೋಲಾ, ಚೆಲ್ಲೊ ಸುಮ್ಮನಿರುತ್ತವೆ. ಮೊದಲ ವಯೊಲಿನ್ ಧಾಟಿಯ ಸುತ್ತ ಸಣ್ಣ ಸಣ್ಣ ಸ್ವರಗಳನ್ನು ಹೆಣೆಯುತ್ತಾ ಹೋಗುತ್ತದೆ. ಧಾಟಿ ಯಾರ ಕೈಯಲ್ಲೋ ಯಜಮಾನಿಕೆ ಅವರದು ಎಂಬುದು ನಮ್ಮ ಗುಂಪಿನ ನಿಯಮ. ಅಂದರೆ ನೆರಳೇ ಮುಂದೆ ನಡೆಯಬೇಕು.

ಮೂರು ವಾರ ಸತತವಾಗಿ ಆರಂಭ ಕೆಡಿಸಿದೆ. ಒಂದೋ ನಾನು ಮುಂಚೆ, ಇಲ್ಲವೇ ಅವಳು. ಕಾಲಲ್ಲಿ ಟಕಟಕ ಬಡಿದು ನೋಡಿದೆ, ತಲೆ ಆಡಿಸಿ ನೋಡಿದೆ. ಕೊನೆಗೆ ಚೆಲ್ಲೊ ಹುಡುಗ, “ನೀನು ಉಸಿರೇ ಆಡ್ತಿಲ್ಲ ಮಾರಾಯ್ತಿ” ಎಂದ. ನಿಜ, ಹೆದರಿಕೆಯಲ್ಲಿ ಉಸಿರು ಬಿಗಿಹಿಡಿದಿರುತ್ತಿದ್ದೆ. ಹಾಡುವವರು ಸಾಲಿಗೆ ಮುನ್ನ ಎಳೆದುಕೊಳ್ಳುವಂಥ ಒಂದು ಉಸಿರು, ಅದರ ಜೊತೆಗೇ ತುಸು ಮೇಲೇಳುವ ಕಮಾನು. ಸನ್ನೆ ಅಂದರೆ ಇಷ್ಟೇ. ಆದರೆ ಆ ಉಸಿರಿನಲ್ಲೇ ವೇಗವೂ ಇದೆ: ನಿಧಾನಕ್ಕೆ ಎಳೆದರೆ ಸಂಗೀತವೂ ನಿಧಾನವಾಗಿ ಹೊರಡುತ್ತದೆ. ಮೆಲ್ಲಗೆ ನುಡಿಸಬೇಕೋ ಜೋರಾಗೋ ಎಂಬುದೂ ಕಮಾನು ಎದ್ದ ರೀತಿಯಲ್ಲೇ ಗೊತ್ತಾಗಿಬಿಡುತ್ತದೆ.

ಕಾಲೇಜು ಹಬ್ಬದ ಸಂಜೆ ಸಭಾಂಗಣ ತುಂಬಿತ್ತು. ಗಾಬರಿಗೆ ನನ್ನ ಉಸಿರು ಉದ್ದವಾಯಿತು. ಧಾಟಿ ಅಭ್ಯಾಸಕ್ಕಿಂತ ನಿಧಾನವಾಗಿ ಹೊರಟಿತು. ಈಗ ಅವಳ ಸಣ್ಣ ಸ್ವರಗಳೆಲ್ಲ ನನ್ನ ಅಳತೆಗೆ ಹಿಗ್ಗಬೇಕು. ಅವಳು ನನ್ನ ಮುಖ ನೋಡಲಿಲ್ಲ, ಕಮಾನು ನೋಡಿದಳು. ಒಂದು ಸಾಲು ಪೂರ್ತಿ ನನ್ನ ಜೊತೆಗೇ ಬಂದಳು. ಆಮೇಲೆ ಭುಜವನ್ನು ಒಂದಿಷ್ಟು ನನ್ನತ್ತ ವಾಲಿಸಿ, ಕಂಡೂ ಕಾಣದಂತೆ ಮುಂದಕ್ಕೆ ತಳ್ಳಿದಳು. ನಾನೂ ಹೆಜ್ಜೆ ಬೇಗ ಹಾಕಿದೆ. ಕೊನೆಯ ಸ್ವರದಲ್ಲಿ ಚೆಲ್ಲೊ ಕಡೆ ತಿರುಗಿದರೆ, ಅವನು ಆಗಲೇ ಉಸಿರೆಳೆಯುತ್ತಿದ್ದ. ಧಾಟಿ ಅವನ ಪಾಲಾಯಿತು.

ಮುಗಿದ ಮೇಲೆ ಅಜ್ಜಿಯ ಬಳಿ ಓಡಿದೆ. “ತಾಳ ಹಾಕೋರು ಯಾರು ಅಂತ ಗೊತ್ತಾಯ್ತಾ ಅಜ್ಜಿ?”

“ಗೊತ್ತಾಗದೆ ಏನು? ಅಷ್ಟು ಜೋರಾಗಿ ಉಸಿರೆಳೀಬೇಡ, ನಾಲ್ಕನೇ ಸಾಲಿನವರೆಗೂ ಕೇಳಿಸ್ತಿತ್ತು!”